ಹಸಿರು ಮಾತ್ರೆ

ಔಷಧಿ ಕಂಪನಿಯವರು ಡಾಕ್ಟರಮ್ಮನಿಗೆ ತಂದುಕೊಡುವ ಪುಕ್ಕಟೆ ಮಾತ್ರೆಗಳನ್ನು ಡಬ್ಬಿಗೆ ತುಂಬುವುದು ನನ್ನ ಕೆಲಸ. ಪೆಟ್ಟಿಗೆ ಸಮೇತ ಕೊಟ್ಟರೆ ಯಾರಾದರೂ ಅಂಗಡಿಗೆ ಮಾರಿಕೊಂಡಾರೆಂದು, ಪೆಟ್ಟಿಗೆ ಹರಿದು, ಒಳಗಿನ ಪಟ್ಟಿಯನ್ನು ಐದೈದು ಮಾತ್ರೆಗೆ ಕತ್ತರಿಸಿಡುತ್ತಿದ್ದೆ. ಕತ್ತರಿಸಿದರೆ ಮಿಲಿಗ್ರಾಂ ಅಂಕೆ ಹೋಗಿ ಬಣ್ಣವೊಂದೇ ಉಳಿಯುತ್ತದೆ. ಹಸಿರೆಂದರೆ ಸಕ್ಕರೆ ಕಾಯಿಲೆಯದು, ಎರಡು ಮಿಲಿಗ್ರಾಂ.

ಅಂದು ಮಧ್ಯಾಹ್ನ ಕಸ ಸುರಿಯುವಾಗ ಹರಿದ ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. ಹಸಿರೇ, ಆದರೆ ನಾಲ್ಕು ಮಿಲಿಗ್ರಾಂ. ತಂದು ಡಾಕ್ಟರಮ್ಮನ ಮುಂದಿಟ್ಟೆ.

“ಯಾರಿಗೆ ಕೊಟ್ಟೆ?” ಎಂದರು ಡಾಕ್ಟರಮ್ಮ.

“ಹೊಲಿಗೆಯಕ್ಕ ಒಬ್ಬಳಿಗೇ. ಬೆಳಿಗ್ಗೆ.”

“ಊಟಕ್ಕೆ ಮುಂಚೆ ನುಂಗ್ತಾಳೆ. ಊಟ ತಡವಾಯ್ತೋ, ಸಕ್ಕರೆ ಪಾತಾಳಕ್ಕೆ!” ಎನ್ನುತ್ತಲೇ ಫೋನ್ ಒತ್ತಿದರು. “ಎತ್ತುತ್ತಿಲ್ಲ. ಗ್ಲೂಕೋಸ್ ಹಿಡ್ಕೊಂಡು ಓಡು, ಈ ಪೇಷಂಟ್ ನೋಡಿ ಬಂದೆ.”

ಎಪ್ಪತ್ತರ ಮಂಡಿ ಓಡುತ್ತದೆಯೇ? ಓಡಿತು. ಮೂರು ಮಹಡಿ ಹತ್ತಿದರೆ ಬಾಗಿಲು ಮುಚ್ಚಿದೆ, ಒಳಗೆ ಯಂತ್ರದ ಸದ್ದೂ ಇಲ್ಲ.

“ಅಕ್ಕಾ! ಏ ಅಕ್ಕಾ!”

ಎದುರುಮನೆಯವನು ತಲೆ ಹಾಕಿದ. “ಏನಜ್ಜಿ, ಬಾಗಿಲು ಮುರಿಯೋ ಗುತ್ತಿಗೆ ಹಿಡಿದಿದ್ದೀಯಾ?”

“ಹ್ಞೂಂ, ಬಾ, ನಿನ್ನ ಭುಜ ಕೊಡು!”

ಅವನು ಭುಜ ಕೊಡುವಷ್ಟರಲ್ಲಿ ಬಾಗಿಲು ತೆರೆಯಿತು. ಹೊಲಿಗೆಯಕ್ಕನ ಬಾಯ್ತುಂಬ ಗುಂಡುಪಿನ್ನು, ಓಗೊಡುವುದಾದರೂ ಹೇಗೆ? ಒಂದೊಂದಾಗಿ ಅಂಗೈಗೆ ಉಗುಳಿದಳು.

“ಮಾತ್ರೆ?”

“ಆಗಲೇ ತಗೊಂಡೆ.”

“ಊಟ?”

“ಈ ಲಂಗ ಮುಗಿಸಿ.”

ಅವಳ ಬಾಯಿಗೆ ಗ್ಲೂಕೋಸ್ ತುರುಕಿದೆ. “ತಪ್ಪಾಯ್ತು ಕಣೇ. ಎರಡರ ಬದಲು ನಾಲ್ಕು ಕೊಟ್ಟುಬಿಟ್ಟೆ. ಬೆವರ್ತಿದ್ದೀಯಾ? ಕೈ ನಡುಗ್ತಿದೆಯಾ?”

ಅವಳು ನೆಲ ನೋಡಿದಳು. “ನಾನು ನುಂಗಿದ್ದು ಅರ್ಧ.”

“ಯಾಕೆ?”

“ಯಾವಾಗ್ಲೂ ಅರ್ಧವೇ. ನೀವು ಕೊಡೋದು ಐದು. ಮುಂದಿನ ಐದು ಯಾವತ್ತು ಬರುತ್ತೋ, ಆ ಕಂಪನಿಯವನಿಗೇ ಗೊತ್ತಿಲ್ಲ.”

“ಅಲ್ಲಿಗೆ ಲೆಕ್ಕ ಸರಿಹೋಯ್ತಲ್ಲ!” ಎಂದು ಎದುರುಮನೆಯವನು ನಕ್ಕ. ನನಗೆ ನಗು ಬರಲಿಲ್ಲ. ಸಕ್ಕರೆ ಇಳಿಯುತ್ತಿಲ್ಲವೆಂದು ಎಂಟು ತಿಂಗಳಿಂದ ಡಾಕ್ಟರಮ್ಮ ಇವಳನ್ನು ಗದರುತ್ತಿದ್ದರು. ಕದ್ದು ಸಿಹಿ ತಿನ್ನುತ್ತೀಯೆಂದು ನಾನೂ ಹಂಗಿಸಿದ್ದೆ.

ಮೆಟ್ಟಿಲ ಮೇಲೆ ಡಾಕ್ಟರಮ್ಮನ ಏದುಸಿರು ಕೇಳಿಸಿತು. ಹೊಲಿಗೆಯಕ್ಕ ನನ್ನ ಮಣಿಕಟ್ಟು ಹಿಡಿದಳು. “ಹೇಳ್ಬೇಡ ಅಜ್ಜಿ. ಕೊಡೋ ಐದನ್ನೂ ನಿಲ್ಲಿಸಿಬಿಡ್ತಾರೆ.”

“ನನ್ನ ತಪ್ಪು ಹೇಳಿಯಾಯ್ತು. ನಿನ್ನದನ್ನ ಮುಚ್ಚಿಟ್ಟರೆ ನೀನು ಉಳಿಯಲ್ಲ,” ಎಂದು ಎಲ್ಲವನ್ನೂ ಹೇಳಿದೆ.

ಡಾಕ್ಟರಮ್ಮ ಬೆರಳು ಚುಚ್ಚಿ ರಕ್ತ ನೋಡಿದರು. ಸಕ್ಕರೆ ಪಾತಾಳಕ್ಕಿಳಿದಿರಲಿಲ್ಲ, ಏರಿಯೇ ಇತ್ತು.

“ಇನ್ನು ಈ ಪುಕ್ಕಟೆ ನಂಬ್ಕೊಂಡು ಕೂರೋದು ಬೇಡ. ಇದೇ ಮಾತ್ರೆ ದೊಡ್ಡ ಕಂಪನಿ ಹೆಸರಿಲ್ಲದ್ದು, ಜನರಿಕ್, ಕಾಲು ಬೆಲೆಗೆ ಸಿಗುತ್ತೆ, ಬರ್ಕೊಡ್ತೀನಿ. ಮೊದಲೇ ಬರೀಬೇಕಿತ್ತು.” ಆಮೇಲೆ ನೆಲಕ್ಕೆ ಕೂತರು. “ಎಂಟು ತಿಂಗಳು ಸಕ್ಕರೆ ಏರಿದ್ರೆ ಮೊದಲು ಹೋಗೋದು ಪಾದ. ಎಲ್ಲಿ, ತೋರಿಸು.”

ಹೊಲಿಗೆಯಕ್ಕ ಎಡಗಾಲು ಮುಂದಿಟ್ಟಳು.

“ಇನ್ನೊಂದು.”

ಅವಳು ಬಲಗಾಲನ್ನು ಮೆಲ್ಲಗೆ ಯಂತ್ರದ ಅಡಿಗೆ ಎಳೆದುಕೊಂಡಳು.