ಹಿಂದಿನ ಸೀಟಿಗೂ ಒಂದು ಹೆಲ್ಮೆಟ್

ನಮ್ಮ ಚಿಯಾರ್‌ಪಾತಾ ಊರಲ್ಲಿ ಬೈಕ್ ಇರುವ ಎಲ್ಲರ ಹತ್ತಿರವೂ ಹೆಲ್ಮೆಟ್ ಇದೆ. ಆದರೆ ಅದು ಇರುವುದು ಮೊಣಕೈಯಲ್ಲಿ. ಪೊಲೀಸರ ಗೇಟು ಕಂಡ ಕೂಡಲೇ ತಲೆಗೆ ಏರುತ್ತದೆ, ಗೇಟು ದಾಟಿದ ಮೇಲೆ ಮತ್ತೆ ಮೊಣಕೈಗೆ ಇಳಿಯುತ್ತದೆ. ನಾನು ಕಾಸಿಲ್ಡಾ, ಇಲ್ಲಿನ ಆರೋಗ್ಯ ಕೇಂದ್ರದ ನರ್ಸ್. ತಲೆ ಒಡೆದುಕೊಂಡು ಬಂದ ಎಷ್ಟೋ ಜನರನ್ನು ನೋಡಿದ್ದೇನೆ. ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿದೆ, ಸಿಟ್ಟೂ ಬಂದಿದೆ.

ಪಕ್ಕದ ಮನೆಯ ಸೆವೆರೋ ಭಾವ, ಅವನ ಹೆಂಡತಿ ಎಮೆತೇರಿಯಕ್ಕ ಈಚೆಗೆ ಬೈಕಿನಲ್ಲಿ ತಾರಿಹಾಕ್ಕೆ ಹೊರಟರು. ಮೂರು ದಿನದ ದಾರಿ. ಅವರ ಮಗಳು ಇರುವುದು ಅಲ್ಲಿ. ಮೊಮ್ಮಗನ ಹುಟ್ಟುಗೂದಲು ತೆಗೆಯುವ ಶಾಸ್ತ್ರ ಇತ್ತು. ಮೊದಲ ಎಳೆಯನ್ನು ತನ್ನ ಅಮ್ಮನೇ ಕತ್ತರಿಸಬೇಕು ಎಂದು ಮಗಳು ಹಟ ಹಿಡಿದಿದ್ದಳು. ಒಂದು ವಾರದಿಂದ ಖುಷಿಗೆ ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಬೆಳಿಗ್ಗೆ ನೋಡಿದರೆ ಬೈಕಿಗೆ ಹೂವಿನ ಹಾರ, ಬಣ್ಣದ ಕಾಗದದ ಚೂರು, ಚಕ್ರಕ್ಕೆಲ್ಲ ಬಿಯರ್ ಚಿಮುಕಿಸಿದ್ದರು. ಭಾವನ ಮೊಣಕೈಯಲ್ಲಿ ಒಂದು ಹೆಲ್ಮೆಟ್ ತೂಗುತ್ತಿತ್ತು. ಹಿಂದೆ ಅಕ್ಕ, ಒಂದರ ಮೇಲೊಂದು ಲಂಗ ಉಟ್ಟು, ಬೆನ್ನಿಗೆ ಗಂಟು ಕಟ್ಟಿ, ಗುಂಡು ಟೋಪಿ ಇಟ್ಟುಕೊಂಡು ಠೀವಿಯಿಂದ ಕೂತಿದ್ದಳು.

"ಭಾವ, ಅಕ್ಕನ ಹೆಲ್ಮೆಟ್ ಎಲ್ಲಿ?"

"ಅವಳಿಗ್ಯಾಕಮ್ಮ? ಓಡಿಸೋನು ನಾನು."

"ಬಿದ್ರೆ ನೀವೊಬ್ರೇ ಬೀಳ್ತೀರಾ?"

"ಹೊರಡೋ ಹೊತ್ತಲ್ಲಿ ಬೀಳೋ ಮಾತಾಡ್ಬೇಡ! ಈಗಷ್ಟೇ ಪೂಜೆ ಆಗಿದೆ. ಭೂತಾಯಿ ಪಚಮಾಮಾಗೆ ಅವಳ ಪಾಲಿನ ಬಿಯರ್ ಕೊಟ್ಟಾಯ್ತು."

"ನಿಮ್ಮ ಪಾಲು ಹೊಟ್ಟೆಗಿಳೀತಾ?"

"ಒಂದು ತೊಟ್ಟೂ ಇಲ್ಲ! ಬೇಕಾದ್ರೆ ಬಾಯಿ ಮೂಸಿ ನೋಡು."

ನಾನು ಅಕ್ಕನ ಕಡೆ ತಿರುಗಿದೆ. "ನೀನಾದ್ರೂ ಹೇಳಕ್ಕಾ. ನನ್ನ ಹೆಲ್ಮೆಟ್ ಕೊಡ್ತೀನಿ, ಹಾಕ್ಕೋ."

"ಟೋಪಿ ತೆಗೆದು ಆ ಬೋಗುಣಿ ಕವುಚಿಕೊಳ್ಳಲಾ? ಬೀಗರ ಊರಿಗೆ ಹೋಗ್ತಿದ್ದೀನಿ ಕಣೇ. ಟೋಪಿ ಇಲ್ದೆ ಬೀದಿಗೆ ಬಂದೋಳಲ್ಲ ನಾನು."

"ಬೀಗರ ಊರು ಇನ್ನೂ ಎಷ್ಟು ದೂರ ಇದೆ! ಅಲ್ಲೀವರೆಗೂ ನಿನ್ನ ಟೋಪಿ ನೋಡೋರು ಯಾರು? ಬೆಟ್ಟದಲ್ಲಿ ಮೇಯೋ ಲಾಮಾಗಳಾ?"

"ಲಾಮಾಗಳ ಮುಂದೆ ಮರ್ಯಾದೆ ಬೇಡ್ವಾ?"

ಸುತ್ತ ನಿಂತವರೆಲ್ಲ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಬೈಕು ಹೊರಟೇ ಹೋಯಿತು.

ನಮ್ಮ ಕಡೆಯ ಹೆಂಗಸರ ಟೋಪಿಗೆ ಪಟ್ಟಿ ಇರುವುದಿಲ್ಲ, ಪಿನ್ನೂ ಇರುವುದಿಲ್ಲ. ನೆತ್ತಿಯ ಮೇಲೆ ಸುಮ್ಮನೆ ಕೂತಿರುತ್ತದೆ. ಚಿಕ್ಕಂದಿನಿಂದ ಕತ್ತು ನೆಟ್ಟಗಿಟ್ಟು ನಡೆದು ನಮಗೆ ರೂಢಿ. ಅದು ಒಂದಿಷ್ಟು ಅಲುಗಿದರೂ ಸಾಕು, ಕೈ ತಾನಾಗಿಯೇ ಮೇಲೆ ಹೋಗುತ್ತದೆ. ಯೋಚನೆ ಮಾಡುವಷ್ಟು ಹೊತ್ತೂ ಇರುವುದಿಲ್ಲ.

ಬೀದಿ ಕೊನೆಯ ಕೆರೆಯಂಚಿನ ತಿರುವಿನಲ್ಲಿ ಗಾಳಿ ಬೀಸಿತು. ಟೋಪಿ ಎದ್ದಿತು. ಅಕ್ಕ ಗಂಡನ ಸೊಂಟ ಬಿಟ್ಟು ಎರಡೂ ಕೈ ಮೇಲೆತ್ತಿದಳು. ಬೈಕು ವಾಲಿತು, ಲಂಗದ ಅಂಚು ಹಾರಿ ಚೈನಿಗೆ ಸಿಕ್ಕಿಕೊಂಡಿತು. ನಾನು ನೋಡುತ್ತಿದ್ದ ಹಾಗೇ ಇಬ್ಬರೂ ರಸ್ತೆ ಪಕ್ಕದ ಆಲೂಗಡ್ಡೆ ಹೊಲಕ್ಕೆ ಉರುಳಿದರು.

ಓಡಿದೆ. ಅಕ್ಕ ಉತ್ತ ಮಣ್ಣಿನಲ್ಲಿ ಬಿದ್ದಿದ್ದಳು. ಅವಳ ತಲೆಗೂ ಹೊಲದ ಕಲ್ಲುಗೋಡೆಗೂ ನಡುವೆ ಒಂದು ಗೇಣು ಜಾಗ ಇತ್ತು, ಅಷ್ಟೇ. ನಾಡಿ ನೋಡಬೇಕಾದ ನಾನು ಅವಳ ಹೆಸರು ಕೂಗುತ್ತಾ ಕೂತೆ. ನರ್ಸ್ ಆದರೇನು, ನನ್ನ ಮದುವೆಯ ದಿನ ನನಗೆ ಜಡೆ ಹೆಣೆದವಳು ಅವಳು.

ಅಕ್ಕ ಕಣ್ಣು ಬಿಟ್ಟು, "ನನ್ನ ಟೋಪಿ?" ಅಂದಳು.

"ಹಾಳಾಗಿ ಹೋಗ್ಲಿ ನಿನ್ನ ಟೋಪಿ!" ಎಂದು ಭಾವ ಕೂಗಿದ. "ನೀನು ಇದ್ದೀಯಾ? ಕೈಕಾಲು ಆಡಿಸು, ನೋಡೋಣ!" ಅವಳು ಆಡಿಸಿದಳು. ಭಾವ ಅಲ್ಲೇ ಮಣ್ಣಿನಲ್ಲಿ ಕೂತು ಎಲ್ಲರೆದುರೇ ಅತ್ತುಬಿಟ್ಟ. ಅವನ ಮೊಣಕೈ ತರಚಿ ರಕ್ತ ಬರುತ್ತಿತ್ತು. ಹೆಲ್ಮೆಟ್ ದೂರದಲ್ಲಿ ಬಿದ್ದಿತ್ತು, ಅದಕ್ಕೆ ಒಂದು ಗೀರೂ ಆಗಿರಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ಗಾಯ ತೊಳೆಯುವಾಗ ಭಾವ ಮೆಲ್ಲಗೆ ಹೇಳಿದ, "ಕಾಸಿಲ್ಡಾ, ಈ ಹೆಲ್ಮೆಟ್ಟನ್ನ ನಾನು ತಲೆಗೆ ಅಂತ ತಗೊಂಡೇ ಇಲ್ಲಮ್ಮ. ಪೊಲೀಸರಿಗೆ ಅಂತ ತಗೊಂಡಿದ್ದು. ಅವರು ಇವಳನ್ನ ಕೇಳಲ್ವಲ್ಲ, ಅದಕ್ಕೇ ಇವಳಿಗೆ ತಗೊಳ್ಲಿಲ್ಲ."

ತಲೆನೋವು, ವಾಂತಿ ಏನಾದರೂ ಶುರುವಾಗುತ್ತದೋ ನೋಡಬೇಕಿತ್ತು. ಅಕ್ಕನನ್ನು ಆ ದಿನ ಅಲ್ಲೇ ಉಳಿಸಿಕೊಂಡೆ. ದಾರಿಯಲ್ಲಿ ಸಿಗುವ ಒರುರೋದಲ್ಲಿ ನೆಂಟರ ಮನೆಯಲ್ಲಿ ಒಂದು ದಿನ ತಂಗುವುದಿತ್ತು, ಅದನ್ನು ಬಿಟ್ಟರು. ಸಂಜೆ ಅವಳಿಗೆ ನನ್ನ ಹೆಲ್ಮೆಟ್ ತಂದು ತೋರಿಸಿದೆ.

"ಎರಡು ಜಡೆ ಇದಾವಲ್ಲೇ, ಇದು ಹೆಂಗೆ ಕೂರುತ್ತೆ?"

"ಜಡೆ ಶುರುವಾಗೋದು ಕಿವಿ ಹಿಂದೆ. ಕೆಳಗೆ ಇಳಿಬಿಡು. ಇಗೋ, ಕೂತ್ಕೊಳ್ತು. ಈಗ ಗಲ್ಲದ ಕೆಳಗೆ ಪಟ್ಟಿ ಹಾಕು. ಸಡಿಲ ಇದ್ರೆ ಇದೂ ನಿನ್ನ ಟೋಪಿ ಹಾಗೇ ಹಾರಿಹೋಗುತ್ತೆ."

"ಕಿವಿಯೇ ಕೇಳ್ಸಲ್ಲ ಕಣೇ."

"ದಾರಿಯುದ್ದಕ್ಕೂ ಭಾವನ ಹಾಡು ಕೇಳೋದು ತಪ್ಪುತ್ತಲ್ಲ."

"ಹಾಗಾದ್ರೆ ಕೊಡು!" ಅಂದಳು ಅಕ್ಕ. ಭುಜ ನೋಯುತ್ತಿದ್ದರೂ ನಕ್ಕಳು.

ಲಂಗದ ವಿಚಾರಕ್ಕೆ ಮಾತ್ರ ಜಗಳವೇ ಆಯಿತು. ಕೊನೆಗೆ ಒಳಲಂಗಗಳೆಲ್ಲ ಗಂಟು ಸೇರಿದವು. ತನ್ನ ಮಗನ ದಪ್ಪ ಪ್ಯಾಂಟು ಹಾಕಿ, ಮೇಲೆ ಒಂದೇ ಲಂಗ ಉಟ್ಟು, ಅದನ್ನು ಮೊಣಕಾಲಿನ ಹತ್ತಿರ ದಟ್ಟಿಯಿಂದ ಕಟ್ಟಿಕೊಳ್ಳಲು ಒಪ್ಪಿದಳು. ಭಾವ ಮೆಕ್ಯಾನಿಕ್ ಹತ್ತಿರ ಹೋಗಿ ಹಿಂದಿನ ಚಕ್ರಕ್ಕೆ ಜಾಲರಿ, ಚೈನಿಗೆ ಮುಚ್ಚಳ ಹಾಕಿಸಿಕೊಂಡು ಬಂದ. ಟೋಪಿಯನ್ನು ಡಬ್ಬಿಯಲ್ಲಿಟ್ಟು ಸಾಮಾನಿನ ಜೊತೆ ಬಿಗಿದರು.

ಮಾರನೇ ದಿನ ಹೊರಡುವಾಗ ಭಾವ ತನ್ನ ಹೆಲ್ಮೆಟ್ ಹಾಕಿಕೊಂಡ. ಆಮೇಲೆ ಹಿಂದೆ ತಿರುಗಿ ಹೆಂಡತಿಯ ಗಲ್ಲದ ಕೆಳಗೆ ಕೈ ಹಾಕಿ ಪಟ್ಟಿ ಎಳೆದು ನೋಡಿದ.

"ಏಯ್ ಮುದುಕಾ, ಉಸಿರು ಕಟ್ಟುತ್ತೆ!"

"ಕಟ್ಟಲ್ಲ. ಸುಮ್ನೆ ಕೂತ್ಕೋ." ಆಮೇಲೆಯೇ ಬೈಕು ಶುರು ಮಾಡಿದ.

ತಾರಿಹಾದಿಂದ ಅಕ್ಕನ ಫೋನು ಬಂತು.

"ಕತ್ತರಿಸಿದೆ ಕಣೇ ಕಾಸಿಲ್ಡಾ. ಮೊದಲ ಎಳೆ ನಾನೇ ಕತ್ತರಿಸಿದೆ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಮಗು ತಲೆ ಹಿಡ್ಕೊಂಡಿದ್ದೆ. ಇಷ್ಟೇ ಇಷ್ಟು ಇದೆ, ಅಂಗೈಲಿ ಕೂತ್ಕೊಳ್ತು. ಬೆಚ್ಚಗಿತ್ತು. ನನಗೆ ಆ ಕಲ್ಲುಗೋಡೆ ನೆನಪಾಯ್ತು ಕಣೇ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ದೂರ ಹೋಗಿ, ಸಂತೋಷವಾಗಿ ಹೋಗಿ. ಪೂಜೆಯನ್ನೂ ಮಾಡಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಇಬ್ಬರು ಹೊರಟರೆ ಹೆಲ್ಮೆಟ್ ಎರಡಿರಲಿ, ಎರಡರ ಪಟ್ಟಿಯೂ ಬಿಗಿದಿರಲಿ. ಮೈಮೇಲಿರುವುದು ಲಂಗವೋ ಶಾಲೋ ಏನೇ ಆಗಲಿ, ಅದರ ಅಂಚು ಚಕ್ರಕ್ಕೆ ಸಿಗದಂತೆ ಕಟ್ಟಿಕೊಳ್ಳಿ. ಓಡಿಸುವವರಿಗೆ ಒಂದು ಮಾತು: ನಿಮ್ಮ ಬೆನ್ನ ಹಿಂದೆ ಕೂತವರಿಗಾಗಿ ಯಾವುದೋ ಊರಿನಲ್ಲಿ ಒಂದು ಮಗು ಕಾಯುತ್ತಿರುತ್ತದೆ. ಗಾಡಿ ಶುರು ಮಾಡುವ ಮುಂಚೆ ಒಂದು ಸಲ ಹಿಂದೆ ತಿರುಗಿ ನೋಡಿ.