ಬಣ್ಣ ಹಿಡಿಯದ ಗಾಜು

ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಅಣ್ಣನನ್ನು ಎಲ್ಲರೂ ಕಹಳೆ ಎಂದೇ ಕರೆಯುತ್ತಿದ್ದರು. ಅವನು ಈ ಮೂಲೆಯಲ್ಲಿ ಬಾಯಿ ತೆರೆದರೆ ಆ ಮೂಲೆಯಲ್ಲಿ ತೂಕಡಿಸುತ್ತಿದ್ದ ಲಾರಿ ಡ್ರೈವರು ಎದ್ದು ಕೂರುತ್ತಿದ್ದ. ಅಂಥ ಕಹಳೆಯ ಗಂಟಲಿಗೇ ಕ್ಯಾನ್ಸರ್ ಬಂತು. ವಾರಕ್ಕೆ ಐದು ದಿನದಂತೆ ಏಳು ವಾರ ರೇಡಿಯೇಷನ್ ಎಂದರು. ಅವನ ಮುಖದ ಅಳತೆಗೇ ಮಾಡಿದ, ಜರಡಿಯಂಥ ಪ್ಲಾಸ್ಟಿಕ್ ಮುಖವಾಡ ತೊಡಿಸಿ, ಅದನ್ನು ಮೇಜಿಗೆ ಬಿಗಿದು, ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ತಲೆ ಒಂದು ಕೂದಲೆಳೆಯಷ್ಟೂ ಅಲ್ಲಾಡುವಂತಿಲ್ಲ.

"ಇಲಿ ಬೋನೇ ವಾಸಿ ಕಣೇ. ತಿರುಗಾಡೋಕಾದ್ರೂ ಜಾಗ ಇರುತ್ತೆ" ಎಂದು ಮೊದಲ ದಿನವೇ ತಂಗಿಗೆ ಹೇಳಿದ್ದ.

ತಂಗಿ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಗಡ್ಡೆಯಿಂದ ತೆಗೆದ ಚೂರನ್ನು ಮೇಣದ ಬಿಲ್ಲೆಯಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುವುದು ಅವಳ ಕೆಲಸ. ಆ ವರ್ಷ ಅಲ್ಲೊಂದು ಸಂಶೋಧನೆ ನಡೆದಿತ್ತು. ಗಡ್ಡೆಯಲ್ಲಿ ಒಂದು ಬಗೆಯ ಪ್ರೋಟೀನ್ ಇದ್ದರೆ ಗಾಜಿನ ಮೇಲಿನ ಚೂರು ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಥವರಲ್ಲಿ ಹೆಚ್ಚಿನವರು ರೇಡಿಯೇಷನ್ ಆದಮೇಲೆ ಬದುಕಿಕೊಳ್ಳುತ್ತಾರೆ. ಬರೀ ನೀಲಿಯಾಗಿ ಉಳಿದರೆ ಆಸೆ ಕಡಿಮೆ. ಬಿಲ್ಲೆಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಫಲಿತಾಂಶವನ್ನು ರೋಗಿಗೂ ಮನೆಯವರಿಗೂ ಹೇಳುವಂತಿಲ್ಲ. ಆದರೆ ಅಣ್ಣನ ಚೂರನ್ನು ಮೇಣಕ್ಕೆ ಇಳಿಸಿದವಳು ಅವಳೇ. ನಂಬರು ಹೇಗೆ ಮರೆತೀತು?

ಒಂದು ದಿನ ಎಲ್ಲರೂ ಊಟಕ್ಕೆ ಎದ್ದಾಗ ಅವಳು ಆ ಬಿಲ್ಲೆಯನ್ನು ಕೊಯ್ದೇಬಿಟ್ಟಳು. ಕಳ್ಳನ ಜೀವ ಹುಳ್ಳುಳ್ಳಗೆ. ಹೊಸ ಸೀಸೆಯ, ಬಣ್ಣ ಹಿಡಿಸುವ ಔಷಧ ಕಡಿಮೆಯಾದರೆ ಗೊತ್ತಾದೀತೆಂದು, ಕಪಾಟಿನ ಹಿಂದೆ ಸರಿಸಿಟ್ಟಿದ್ದ ಹಳೆಯ ಸೀಸೆಯಿಂದ ನಾಲ್ಕು ಹನಿ ಹಾಕಿದಳು. ಪ್ರತಿ ಸಲವೂ ಕಂದಾಗುವುದು ಖಾತ್ರಿಯಿರುವ ಒಂದು ಸಾಕ್ಷಿ ಗಾಜನ್ನು ಜೊತೆಗಿಡಬೇಕು. ಅದು ಕಂದಾಗದಿದ್ದರೆ ಔಷಧವೇ ಕೆಟ್ಟಿದೆ ಎಂದರ್ಥ. ಹೊಸದಾಗಿ ಸೇರಿದವರಿಗೆಲ್ಲ ಬೈದು ಬೈದು ಕಲಿಸಿದ ಪಾಠ ಅದು. ಆದರೆ ಸಾಕ್ಷಿ ಗಾಜು ದೊಡ್ಡ ಡಾಕ್ಟರ ಬಳಿ ಕೇಳಿ ಪಡೆಯಬೇಕು. ಕೇಳಲಿಲ್ಲ.

ಅಣ್ಣನ ಗಾಜು ನೀಲಿಯಾಗಿಯೇ ಉಳಿಯಿತು.

ಅಂದಿನಿಂದ ಅವಳ ಬಾಯಲ್ಲಿ ಬಿಸಿತುಪ್ಪ. ಮನೆಯಲ್ಲಿ ಕೆಳಗೆ ಅವನು, ಮಹಡಿಯಲ್ಲಿ ಇವಳು. ಚಿಕ್ಕಂದಿನಿಂದ ಹಾವು ಮುಂಗುಸಿ. ಈಗ ಅವನು ಹಾಸಿಗೆಯ ಮೇಲೆ ಒದ್ದೆ ಟವೆಲು ಎಸೆದರೆ ಸುಮ್ಮನೆ ಎತ್ತಿ ಒಣಹಾಕುತ್ತಿದ್ದಳು. ಗಂಜಿ ಅರ್ಧಕ್ಕೇ ಬಿಟ್ಟರೆ "ಇರಲಿ ಬಿಡು" ಎನ್ನುತ್ತಿದ್ದಳು. ಅತ್ತಿಗೆಗೂ ಆಶ್ಚರ್ಯ.

ಇನ್ನು ಏಳು ದಿನದ ರೇಡಿಯೇಷನ್ ಉಳಿದಿದೆ ಎನ್ನುವಾಗ ಅಣ್ಣ ಹಾಸಿಗೆ ಬಿಟ್ಟು ಏಳಲಿಲ್ಲ. ಅತ್ತಿಗೆ ಅತ್ತರೂ ಏಳಲಿಲ್ಲ. ತಂಗಿಯನ್ನು ಹತ್ತಿರ ಕರೆದ. ಕಹಳೆಯಿಂದ ಬಂದದ್ದು ಬರೀ ಗಾಳಿ.

"ಹದಿನೈದು ದಿನದಿಂದ ನೀನು ನನ್ನ ಬೈದಿಲ್ಲ. ನನ್ನ ಗಾಜು ನೋಡಿದ್ದೀಯ ಅಲ್ವಾ?"

ಅವಳು ಅವನ ಹೊದಿಕೆ ಸರಿಮಾಡತೊಡಗಿದಳು.

"ಹೋಗೋ ಜೀವಾನ ಯಾಕೆ ಮೇಜಿಗೆ ಕಟ್ಟಿಸ್ಕೊಳ್ಳಲಿ?" ಎಂದು ಗೋಡೆಗೆ ತಿರುಗಿ ಮಲಗಿದ.

ಅವಳು ಲ್ಯಾಬಿಗೆ ಹೋದರೆ ಅಲ್ಲಿ ದೊಡ್ಡ ಡಾಕ್ಟರು ಕಪಾಟು ಖಾಲಿ ಮಾಡಿಸುತ್ತಿದ್ದರು. ಹಳೆಯ ಸೀಸೆಯನ್ನು ಕಸಕ್ಕೆ ಎಸೆಯುತ್ತ, ಇದು ಸತ್ತು ಎರಡು ತಿಂಗಳಾಯಿತು, ಸಾಕ್ಷಿ ಗಾಜಿಗೇ ಬಣ್ಣ ಹಿಡಿಸಲಿಲ್ಲ, ಯಾರು ಇಟ್ಟುಕೊಂಡಿದ್ದು ಎಂದು ರೇಗಿದರು. ಅವಳು ನೋಡಿದ್ದು ಅಣ್ಣನ ಹಣೆಬರಹವನ್ನಲ್ಲ, ಕೆಟ್ಟ ಔಷಧವನ್ನು. ಎಲ್ಲವನ್ನೂ ಒಪ್ಪಿಕೊಂಡಳು. ಡಾಕ್ಟರು ಮುಖದ ನೀರಿಳಿಸಿದರು. ಕೊನೆಗೆ, ಸರಿಯಾದ ಗಾಜೇ ಆದರೂ ಅದು ನೂರಾರು ಜನರ ಲೆಕ್ಕ ಹೇಳುತ್ತದೆ, ನಿನ್ನ ಅಣ್ಣನೊಬ್ಬನದನ್ನಲ್ಲ ಎಂದರು.

ಓಡೋಡಿ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಅವನು ಗೋಡೆಯಿಂದ ಇತ್ತ ತಿರುಗಿದ.

"ಅಂದ್ರೆ ನಿಂಗೂ ಗೊತ್ತಿಲ್ಲ."

"ಗೊತ್ತಿಲ್ಲ. ಬಿಲ್ಲೇಲಿ ಇನ್ನೂ ಒಂದು ಸಲಕ್ಕಾಗೋಷ್ಟು ಉಳಿದಿದೆ."

"ನೋಡಬೇಡ. ನಿನ್ನ ಮುಖಕ್ಕೆ ಬಾಗಿಲಿಲ್ಲ, ಒಳಗಿದ್ದದ್ದೆಲ್ಲ ಕಾಣುತ್ತೆ. ನೋಡಲ್ಲ ಅಂದ್ರೆ ಬರ್ತೀನಿ."

"ನೋಡಲ್ಲ. ಏಳೋ ಮಾರಾಯ, ದಿಂಬಿಗೇನು ಬೇರು ಬಿಟ್ಟಿದ್ದೀಯಾ? ನಿನಗೋಸ್ಕರ ಮೆಷಿನ್ನು ಮನೆಗೆ ಬರುತ್ತಾ?"

ಅವನು ಎದ್ದ. ಆವತ್ತು ಅವಳು ಹೊರಗಿನ ಟಿವಿ ಪರದೆಯಲ್ಲಿ ನೋಡಿದಳು. ಮುಖವಾಡ ಬಿಗಿದರು, ಬಾಗಿಲು ಮುಚ್ಚಿತು, ಅವನ ಬೆರಳುಗಳು ಮಾತ್ರ ಮೇಜಿನಂಚನ್ನು ಹಿಡಿದಿದ್ದವು.

ಏಳು ದಿನ ಮುಗಿದವು. ಗಡ್ಡೆ ಕರಗಿತೋ ಇಲ್ಲವೋ ತಿಳಿಯಲು ಮೂರು ತಿಂಗಳು ಕಾಯಬೇಕು. ಬಿಲ್ಲೆ ಅವಳ ಮೇಜಿನ ಮೂರನೆಯ ಡ್ರಾಯರಿನಲ್ಲೇ ಇದೆ, ಮೊಣಕಾಲಿಗೆ ತಾಗುವಷ್ಟು ಹತ್ತಿರ. ದಿನಕ್ಕೆ ನಾಲ್ಕು ಸಲ ತೆರೆಯುತ್ತಾಳೆ, ಮುಚ್ಚುತ್ತಾಳೆ. ಸಂಜೆ ಮನೆಗೆ ಬಂದರೆ ಅಣ್ಣ ಬೇಕೆಂದೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿ ಕಾಯುತ್ತಿರುತ್ತಾನೆ. ಎಷ್ಟೇ ಸುಸ್ತಾಗಿದ್ದರೂ ಅವಳು ಬೈಯಲೇಬೇಕು.

ನಿನ್ನೆ ಬೈಗುಳ ಪೂರ್ತಿ ಕೇಳಿಸಿಕೊಂಡು, "ಇವತ್ತು ಸ್ವಲ್ಪ ಸಪ್ಪೆ" ಎಂದು ಅವಳ ಮುಖವನ್ನೇ ದಿಟ್ಟಿಸಿದ.

ಅವಳು ಚೀಲ ಕೆಳಗಿಟ್ಟು, ಉಸಿರೆಳೆದುಕೊಂಡು, ಮೊದಲಿನಿಂದ ಶುರುಮಾಡಿದಳು.