ಬೆವರಿಗೆ ತಡೆಯುವಂಥದ್ದು

"ಎರಡೂ ಕೈ ಮೇಲೆತ್ತಿ ನೆಟ್ಟಿಯಕ್ಕ. ಮೇಲಿನ ಶೆಲ್ಫಿಂದ ಡಬ್ಬ ತೆಗಿಯೋ ಹಾಗೆ," ಎಂದ ಡ್ವೇನ್ ಫಾಂಟನೋ.

ನೆಟ್ಟಿ ಎತ್ತಿದಳು. ಬಂದೂಕಿನಂಗಡಿಯ ಕನ್ನಡಿಯಲ್ಲಿ ಅವಳ ತೆಳು ಹತ್ತಿ ಅಂಗಿ ಸೊಂಟ ಬಿಟ್ಟು ಮೇಲೇರಿತು. ಒಳಗೆ ಸಿಕ್ಕಿಸಿದ್ದ ಪಿಸ್ತೂಲಿನ ಹಿಡಿ ಎದ್ದು ಕಂಡಿತು. ಲೂಸಿಯಾನದ ಈ ಕಡಲತುದಿಯಲ್ಲಿ ಆಗಸ್ಟ್ ತಿಂಗಳೆಂದರೆ ಉಪ್ಪು ಡಬ್ಬದಲ್ಲೇ ನೀರಾಗುವ ಕಾಲ. ಕೋಟಿನಡಿ ಬಂದೂಕು ಬಚ್ಚಿಡುವುದೆಲ್ಲ ತಣ್ಣನೆ ಊರಿನವರ ಭಾಗ್ಯ.

"ಇದು ದಪ್ಪ ಆಯ್ತು. ಇನ್ನೂ ತೆಳುವಾದ್ದು ನೋಡೋಣ," ಎಂದು ಡ್ವೇನ್ ಅದನ್ನು ಅವಳ ಸೊಂಟದಿಂದ ಎಳೆದುಕೊಂಡು ಎಣ್ಣೆಬಟ್ಟೆಯಿಂದ ಒರೆಸಿದ. ಯಾರು ಮುಟ್ಟಿದರೂ ಒರೆಸಿಯೇ ಇಡುತ್ತಿದ್ದ. "ಬೆರಳಿನ ಬೆವರು ಸಾಕು ಅಕ್ಕ, ಕಬ್ಬಿಣಾನ ತಿಂದುಹಾಕುತ್ತೆ."

ನೆಟ್ಟಿ ಕೈ ಇಳಿಸಿರಲಿಲ್ಲ. ಕನ್ನಡಿಯಲ್ಲಿ ಕೈ ಎತ್ತಿ ನಿಂತ ಆ ಹೆಂಗಸನ್ನು ಅವಳು ಮೊದಲೂ ಕಂಡಿದ್ದಳು. ಮೂರು ವಾರದ ಹಿಂದೆ ಅವಳದೇ ಅಡುಗೆಮನೆಯ ಕಿಟಕಿ ಗಾಜಿನಲ್ಲಿ. ಅವತ್ತು ಎದುರಿಗೆ ನಿಂತಿದ್ದವನು ಟ್ರಾವಿಸ್, ಮಗಳು ಡಾನೆಲ್ ಬಿಟ್ಟು ಬಂದ ಗಂಡ. ಕೈಯಲ್ಲಿ ಸಿಂಪಿ ಬಿಡಿಸುವ ಚಾಕು. ಆ ಮನೆಯ ಹತ್ತಿರ ಅವನು ಸುಳಿಯಕೂಡದೆಂದು ನ್ಯಾಯಾಲಯ ಕೊಟ್ಟ ಆದೇಶ ಫ್ರಿಜ್ಜಿನ ಬಾಗಿಲಿಗೇ ಅಂಟಿಸಿತ್ತು. ಅವನು ಅದನ್ನು ಓದಿ ನಕ್ಕಿದ್ದ.

ಫೋನ್ ಮಾಡಿದ ಮುಕ್ಕಾಲು ಗಂಟೆಗೆ ಬಂದ ಪೊಲೀಸಿನವನು ಇದೇ ಡ್ವೇನ್. ವಾರವಿಡೀ ಶೆರಿಫ್ ಕಚೇರಿಯ ಕೆಲಸ, ಶನಿವಾರ ಈ ಬಂದೂಕಿನಂಗಡಿಯಲ್ಲಿ. ಊರಲ್ಲಿ ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಅವತ್ತು ಅವನು ಟೋಪಿ ತೆಗೆದು, "ನಾನು ಕಣ್ಣಾರೆ ಕಂಡಿಲ್ವಲ್ಲಕ್ಕ, ಏನಂತ ಬರೀಲಿ? ನಾವು ಬರೋಷ್ಟರಲ್ಲಿ ಮುಕ್ಕಾಲು ಗಂಟೆ ಆಗುತ್ತೆ. ಶನಿವಾರ ಅಂಗಡಿಗೆ ಬನ್ನಿ, ಒಳ್ಳೇದು ಆರಿಸಿಕೊಡ್ತೀನಿ," ಎಂದು ಹೋಗಿದ್ದ. ಒಂದಕ್ಷರ ಬರೆದುಕೊಂಡಿರಲಿಲ್ಲ. ಆಮೇಲೆ ಟ್ರಾವಿಸ್ ಇನ್ನೆರಡು ಸಲ ಬಂದ.

"ಮನೇಲಿ ನಮ್ಮೆಜಮಾನರದು ಒಂದಿತ್ತು," ಎಂದು ನೆಟ್ಟಿ ಚೀಲದಿಂದ ಹಳೆಯ ರಿವಾಲ್ವರ್ ತೆಗೆದಿಟ್ಟಳು. ಚರ್ಮದ ಕವಚಕ್ಕೆ ಅದು ಕಚ್ಚಿಕೊಂಡಿತ್ತು. ಮೈಯೆಲ್ಲ ತುಕ್ಕು.

ಫ್ಯಾನಿನ ಕೆಳಗೆ ಕಾಫಿ ಹೀರುತ್ತಿದ್ದ ಮುದುಕ ಆಲ್ಸಿಡ್ ಕಿಸಕ್ಕೆಂದ. "ಚರ್ಮದೊಳಗೇ ಬಿಟ್ರಾ? ಈ ಊರಲ್ಲಿ ಎಲ್ರೂ ಒಂದ್ಸಲ ಮಾಡೋ ತಪ್ಪೇ ಅದು. ಜೋಪಾನ ಮಾಡ್ತೀವಿ ಅಂದ್ಕೊಂಡು ಕೊಂದೇಬಿಡ್ತೀವಿ."

"ಚರ್ಮ ನೀರು ಕುಡಿದು ಕೂತಿರುತ್ತೆ," ಎಂದ ಡ್ವೇನ್. ಬೂದುಬಣ್ಣದ ಅಂಗೈಯಗಲದ ಪಿಸ್ತೂಲು ಮುಂದಿಟ್ಟ. "ಇದು ನೋಡಿ. ಹಿಡಿ ಪ್ಲಾಸ್ಟಿಕ್, ಮೇಲ್ಭಾಗ ತುಕ್ಕು ಹಿಡಿಯದ ಉಕ್ಕು. ಬೆವರಿಗೆ ತಡೆಯುತ್ತೆ. ಅಂಗಿ ಮಾತ್ರ ಎರಡು ಅಳತೆ ದೊಡ್ಡದು ತಗೊಳ್ಳಿ, ಹೂವಿನ ಚಿತ್ರದ್ದಾದ್ರೆ ಉಬ್ಬು ಕಾಣಲ್ಲ. ಗಟ್ಟಿ ಬೆಲ್ಟು. ಸಿಗಡಿ ಶೆಡ್ಡಲ್ಲಿ ಕೆಲಸ ಮುಗಿಸಿ ಬಂದ ತಕ್ಷಣ ಒರೆಸಬೇಕು, ದಿನಾ."

"ದಿನಾ," ಎಂದಳು ನೆಟ್ಟಿ.

ಅವಳಿಗೆ ಮೈ ಉರಿಯಿತು. ಅಂಗಿ ಬದಲಿಸಬೇಕಾದವಳು ಅವಳು. ಬೆಲ್ಟು ಬಿಗಿಯಬೇಕಾದವಳು, ದಿನದಿನವೂ ಒರೆಸಬೇಕಾದವಳು ಅವಳು. ಟ್ರಾವಿಸ್ ತೋಳಿಲ್ಲದ ಬನಿಯನ್ನಿನಲ್ಲಿ ಕೈ ಬೀಸಿಕೊಂಡು ದೋಣಿಕಟ್ಟೆಯಲ್ಲಿ ಬಿಯರ್ ಕುಡಿಯುತ್ತಿರುತ್ತಾನೆ.

ಡ್ವೇನ್ ಅಂಗಡಿಯ ದಪ್ಪ ಪುಸ್ತಕ ಬಿಡಿಸಿದ. ಪಿಸ್ತೂಲಿನ ನಂಬರನ್ನು ಒಂದೊಂದೇ ಅಂಕಿ ಹೇಳಿಕೊಂಡು ಬರೆದ. ಮತ್ತೆ ಬೆರಳಿಟ್ಟು ತಾಳೆ ನೋಡಿದ. "ಒಂದಂಕಿ ತಪ್ಪಿದ್ರೂ ಕಷ್ಟ ಅಕ್ಕ. ಸರ್ಕಾರದ ಲೆಕ್ಕ."

"ಎಷ್ಟು ಚೆನ್ನಾಗಿ ಬರೀತೀಯೋ ಡ್ವೇನ್!" ಎಂದಳು ನೆಟ್ಟಿ. "ಅವತ್ತು ನಮ್ಮನೇಲಿ ನಿಂಗೆ ಅಕ್ಷರಾನೇ ಬರ್ತಿರಲಿಲ್ಲವಲ್ಲ."

ಡ್ವೇನ್‌ನ ಕೈ ನಿಂತಿತು.

"ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದೋನು ಅವನು, ಉಣ್ಣೋಳು ನಾನಾ? ಬಂದೂಕಿಗೆ ತುಕ್ಕು ಹಿಡಿಯುತ್ತೆ ಅಂತ ನಿಂಗೆ ಇಷ್ಟು ಸಂಕಟ. ನನ್ ಮಗಳು ರಾತ್ರಿ ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಮಲಗ್ತಾಳೆ, ಅದಕ್ಕೊಂದು ನಂಬರಿಲ್ವಾ ನಿನ್ನ ಪುಸ್ತಕದಲ್ಲಿ?"

"ಅಕ್ಕ, ಇವತ್ತು ನಾನು ಡ್ಯೂಟೀಲಿಲ್ಲ..."

"ಟ್ರಾವಿಸ್ ಡ್ಯೂಟೀಲಿದ್ದಾನೆ! ಅವನಿಗೆ ಶನಿವಾರ ಭಾನುವಾರ ಇಲ್ಲ."

ನೆಟ್ಟಿ ಎದೆಯ ಜೇಬಿನಿಂದ ಆದೇಶದ ಕಾಗದ ತೆಗೆದಳು. ಫ್ರಿಜ್ಜಿನಿಂದ ಕಿತ್ತು ಜೊತೆಗೇ ಇಟ್ಟುಕೊಂಡು ತಿರುಗಿದ್ದಳು. ಬೆವರು ಕುಡಿದು ಅದು ಮೆತ್ತಗಾಗಿತ್ತು, ಮಡಿಕೆಗಳು ಹರಿದಿದ್ದವು. ನ್ಯಾಯಾಧೀಶರ ಸಹಿ ನೀಲಿ ಕಲೆಯಾಗಿತ್ತು. ಪಿಸ್ತೂಲನ್ನು ಬೆರಳುಗಳಿಂದ ಅತ್ತ ಸರಿಸಿ, ಗಾಜಿನ ಕಟ್ಟೆಯ ಮೇಲೆ ಅದರ ಪಕ್ಕದಲ್ಲೇ ಕಾಗದ ಬಿಡಿಸಿದಳು.

"ಮೂರು ಸಲ ಬಂದ. ತಾರೀಕು ಹೇಳ್ತೀನಿ, ಹೊತ್ತು ಹೇಳ್ತೀನಿ. ಮೊದಲು ಅದನ್ನ ಬರಿ. ಆಮೇಲೆ ನಿನ್ನ ಬಂದೂಕು ತಗೊಳ್ಳೋದೋ ಬಿಡೋದೋ ನೋಡ್ತೀನಿ."

ಆಲ್ಸಿಡ್ ಕಾಫಿಲೋಟ ಕೆಳಗಿಟ್ಟ. "ಬರಿಯಪ್ಪ," ಎಂದ. "ಪೆನ್ನು ಕೈಯಲ್ಲೇ ಇದೆಯಲ್ಲ."

ಡ್ವೇನ್ ಬಾಗಿಲ ಕಡೆ ನೋಡಿದ. ಆಮೇಲೆ ತನ್ನ ಕಚೇರಿಗೆ ಫೋನ್ ಮಾಡಿ, ದೂರಿಗೊಂದು ಸಂಖ್ಯೆ ಕೇಳಿದ. ಬಿಳಿ ಹಾಳೆಯೊಂದನ್ನು ಎಳೆದುಕೊಂಡು ಮೇಲ್ಗಡೆ ಆ ಸಂಖ್ಯೆ ಬರೆದ. ಬೆರಳಿಟ್ಟು ತಾಳೆ ನೋಡಿದ.

"ಜುಲೈ ಇಪ್ಪತ್ತಾರು," ಎಂದು ಶುರುಮಾಡಿದಳು ನೆಟ್ಟಿ.

ಗಾಜಿನ ಮೇಲೆ ಪಿಸ್ತೂಲು ಹಾಗೇ ಇತ್ತು. ಅದರ ಉಕ್ಕಿನ ಮೇಲೆ ಅವಳ ನಾಲ್ಕು ಬೆರಳಿನ ಒದ್ದೆ ಗುರುತುಗಳಿದ್ದವು. ಒರೆಸುವ ಬಟ್ಟೆಯನ್ನು ಯಾರೂ ಮುಟ್ಟಲಿಲ್ಲ.